ಪಾನಾ ಹಿಡಿಯೂದಕಿಂತ ಮೊದಲ ಹಿಂದ ಕುಂತವರನ್ನ ಕೇಳ್ರಿ

ಅಕ್ಕಾರ, ತಂಗ್ಯಾರ, ಈ ಸಲ ಅಡಗಿ ಸುದ್ದಿ ಅಲ್ಲ, ಕಾರಿನ ಸುದ್ದಿ. "ಕಾರಿನ ಸುದ್ದಿ ತಗೊಂಡು ನಾವೇನ ಮಾಡೂದು" ಅಂತ ಎದ್ದು ಹೋಗಬ್ಯಾಡ್ರಿ. ಯಾಕಂದ್ರ ನನ್ನ ಜಗಳ ಇರೂದ ಆ ಮಾತಿನ ಮ್ಯಾಲ.

ಮನ್ಯಾಗ ಹಳೇ ಗಾಡಿ ಇದ್ದವರಿಗೆ ಗೊತ್ತು, ಪೂರಾ ಕೆಟ್ಟು ಕುಂತ ಗಾಡಿ ರಿಪೇರಿ ಮಾಡೂದು ಸರಳ. ಕೆಟ್ಟಿದ್ದು ಅಲ್ಲೇ ಎಲ್ಲೋ ಇರತೈತಿ, ಹುಡುಕಿದ್ರ ಸಿಗತೈತಿ. ಜೀವಾ ತಿನ್ನೂದು ಬಂದು-ಬಂದು ಹೋಗೂ ಜಡ್ಡು. ಹಾದ್ಯಾಗ ಛಲೋ ಓಡಕೋತ ಇದ್ದ ಗಾಡಿ ಬಂದ್ ಬೀಳತೈತಿ, ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡದ್ರ ಏನೂ ಆಗೇ ಇಲ್ಲ ಅನ್ನೂವಂಗ ಚಾಲೂ ಆಗತೈತಿ. ಮಿಸ್ತ್ರಿ ಮುಂದ ಒಯ್ದು ನಿಲ್ಲಿಸಿದ್ರಂತೂ ಗುಣುಗುಣು ಹಾಡತೈತಿ. ರಾತ್ರಿಯೆಲ್ಲಾ ಹೊಟ್ಟಿ ಹಿಡಕೊಂಡು ಅತ್ತ ಕೂಸು ಮುಂಜಾನೆ ಡಾಕ್ಟರ ಮುಂದ ನಗತೈತಲ್ಲ, ಹಂಗ.

ಇಂಥಾ ಜಡ್ಡಿಗೆ ನಮ್ಮ ಗಂಡಸ್ರು ಮಾಡೂದು ಎರಡ ಕೆಲಸ. ಮೊದಲ ಒಂದೊಂದ ಸಾಮಾನ ಬದಲಿ ಮಾಡಕೋತ ಹೋಗತಾರ. ರೊಕ್ಕ ತೀರಿದಮ್ಯಾಲ "ಗುಜರಿಗೆ ಹಾಕೂಣು ಬಿಡ" ಅಂತಾರ. ಈ ಎರಡರ ನಡುವ ಮಾಡೂವಂಥಾದ್ದು ಇನ್ನೊಂದು ಐತಿ: ಯಾವಾಗ ನಿಂದರತೈತಿ, ಹೆಂಗ ನಿಂದರತೈತಿ, ನಿಂದ್ರೂ ಮೊದಲ ಏನಾತು ಅಂತ ಕೇಳೂದು, ಬರದಿಡೂದು. ಅದಕ್ಕ ಪಾನಾ ಬೇಕಾಗಿಲ್ಲ, ಅದಕ್ಕ ಅದು ಅವರಿಗೆ ಕೆಲಸ ಅನಸಂಗಿಲ್ಲ.

ನಮ್ಮ ಗಾಡಿ ಪ್ರೀಮಿಯರ್ ಪದ್ಮಿನಿ. ಬಿಂಕದಕಟ್ಟ್ಯಾಗ ಎಲ್ಲಾರೂ ಫಿಯಾಟ ಅಂತಾರ, ತಪ್ಪೇನಿಲ್ಲ. ಇಟಲಿಯ ಫಿಯಾಟ್ 1100 ಗಾಡೀನ ಮುಂಬೈ ಕುರ್ಲಾದಾಗಿನ ಪ್ರೀಮಿಯರ್ ಕಂಪನಿಯವ್ರು ಡಿಲೈಟ್ ಅಂತ 1964ರಿಂದ ಮಾರಿದ್ರು, ಪದ್ಮಿನಿ ಅನ್ನೂ ಹೆಸರು ಎಪ್ಪತ್ತರ ದಶಕದಾಗ ಬಂತು. 1089 ಸಿಸಿ ಇಂಜಿನ್, ನಾಲ್ಕು ಸಿಲಿಂಡರ್, ಗೇರು ಸ್ಟೇರಿಂಗಿನ ಬಗಲಾಗ. ಮುಂಬೈದಾಗಿನ ಕರಿ-ಹಳದಿ ಟ್ಯಾಕ್ಸಿ ಅಂದ್ರ ಇದ. ಅಲ್ಲಿ ಕಡೇ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರದಾಗ ರಸ್ತೆ ಬಿಟ್ಟಿತು. ನಮ್ಮದು ಇನ್ನೂ ಹುಲಕೋಟಿ, ಅಣ್ಣಿಗೇರಿ ಹಾದ್ಯಾಗ ಓಡತೈತಿ.

ಷೋಕಿಗೆ ಇಟಗೊಂಡಿಲ್ಲ. ನಮ್ಮ ಮಾವಾರ ಮೊಣಕಾಲು ಮಡಚಂಗಿಲ್ಲ. ಈಗಿನ ಎತ್ತರದ ಗಾಡಿಗೆ ಹತ್ತಬೇಕು, ಫಿಯಾಟಿಗೆ ಹತ್ತೂದಿಲ್ಲ, ಕೂಡ್ರೂದು. ಮೊದಲ ಸೀಟಿನ ಮ್ಯಾಲ ಕುಂತು, ಆಮ್ಯಾಲ ಒಂದೊಂದ ಕಾಲ ಎತ್ತಿ ಒಳಗ ತಗೋತಾರ. ಅತ್ತಿಯಾರ ಕಣ್ಣು ತೋರಸಾಕ ತಿಂಗಳಿಗೊಮ್ಮೆ, ಒಮ್ಮೊಮ್ಮೆ ಎರಡ ಸಲ, ಹುಬ್ಬಳ್ಳಿಗೆ ಹೋಗೂದು ಇದರಾಗನ. 15 ವರ್ಷ ದಾಟಿದ ಕಾರಿನ ನೋಂದಣಿ ಮತ್ತ ಮಾಡಿಸೂ ಫೀ 2022ರ ಏಪ್ರಿಲ್‌ದಾಗ 600 ರೂಪಾಯಿಂದ 5,000ಕ್ಕ ಏರಿತು, ಅದನ್ನೂ ಕಟ್ಟೇವಿ. ಇಷ್ಟೆಲ್ಲಾ ಮಾಡಿ ಉಳಿಸಿಕೊಂಡ ಗಾಡಿ ಹೋದ ವರ್ಷ ಯುಗಾದಿ ಆದಮ್ಯಾಲ ಅಣ್ಣಿಗೇರಿ ಸನೇಕ ಬಂದ್ ಬೀಳಾಕ ಹತ್ತಿತು. ಅಣ್ಣಿಗೇರಿ ಅಂದ್ರ ಆದಿಕವಿ ಪಂಪನ ಊರು, ಅಮೃತೇಶ್ವರನ ಗುಡಿ ಇದ್ದ ಊರು, ದರ್ಶನ ಮಾಡಬೇಕಾದ್ದನ. ಆದ್ರ ರಾತ್ರಿ ಒಂಬತ್ತಕ್ಕ, ಎಡಕ್ಕೂ ಬಲಕ್ಕೂ ಲಾರಿ ಹಾಯುವಾಗ, ಕಣ್ಣಿಗೆ ಪಟ್ಟಿ ಕಟಗೊಂಡ ಅತ್ತಿಯಾರನ್ನ ಹಿಂದ ಕುಂಡ್ರಿಸಿಕೊಂಡು ಅಲ್ಲ.

ಬ್ಯಾಸಗಿ ಇತ್ತು. ಹಿಂಗಾಗಿ "ಬಿಸಲಿಗೆ ಎಣ್ಣಿ ಆವಿ ಆಗತೈತಿ" ಅನ್ನೂ ತೀರ್ಪು ಮೊದಲನ ದಿನಾನ ಬಂತು. ಇದು ಸುಳ್ಳ ಜಡ್ಡು ಅಲ್ಲ, ಖರೇನ ಇರೂವಂಥಾದ್ದು. ಇಂಜಿನ್ ಕಾದಾಗ ಪೈಪಿನ್ಯಾಗಿನ ಪೆಟ್ರೋಲು ಗುಳ್ಳಿ ಕಟ್ಟತೈತಿ, ಪಂಪಿಗೆ ಗುಳ್ಳಿ ಎಳಿಯಾಕ ಬರಂಗಿಲ್ಲ, ಗಾಡಿ ನಿಂದರತೈತಿ. ನಮ್ಮ ಕಡೆ ಅಂಬಾಸಿಡರ್, ಫಿಯಾಟ ಇದ್ದವರೆಲ್ಲಾ ಪೆಟ್ರೋಲ್ ಪಂಪಿನ ಮ್ಯಾಲ ಹಸೀ ಅರಿಬಿ ಹಾಕಿದ್ದು ನೀವೂ ನೋಡೀರಿ. ನಮ್ಮ ಮನಿಯವ್ರೂ ಹಾಕಿದ್ರು. ಹತ್ತು ನಿಮಿಷಕ್ಕ ಗಾಡಿ ಚಾಲೂ ಆತು. "ನೋಡಿದ್ಯಾ?" ಅಂದ್ರು.

ಮುಂದಿನ ಸಲ ಮೈದುನ ಓಡಸಾಕ ಹತ್ತಿದ್ದ. ಅವಾ ಬಾನೆಟ್ ಎತ್ತಿ, ಡೆಲ್ಕೋ ಮುಚ್ಚಳಾ ತಗದು, ಪಾಯಿಂಟಿಗೆ ಕಾಗದ ತಿಕ್ಕಿ, ಒಂದೆರಡು ವಾಯರ ಜಗ್ಗಿ ನೋಡಿದಾ. ಹತ್ತು ನಿಮಿಷಕ್ಕ ಚಾಲೂ ಆತು. ಅವನೂ "ನೋಡಿದ್ರ್ಯಾ ವೈನಿ?" ಅಂದಾ. ಅದರ ಮುಂದಿನ ಸಲ ಅತ್ತಿಯಾರು ಹನುಮಪ್ಪಗ ಕಾಯಿ ಬೇಡಿಕೊಂಡು ಕುಂತ್ರು. ಹತ್ತು ನಿಮಿಷಕ್ಕ ಚಾಲೂ ಆತು. ಅವ್ರು ಏನೂ ಅನ್ನಲಿಲ್ಲ, ಕಾಯಿ ಒಡಿಸಿದ್ರು.

ನಾ ಹೇಳೂದು ಇದನ್ನ. ಹತ್ತು ನಿಮಿಷಕ್ಕ ತಾನ ಸುಧಾರಸೂ ಜಡ್ಡಿಗೆ, ಹತ್ತು ನಿಮಿಷ ಹಿಡಿಯೂ ಯಾವ ಔಷಧಾ ಕೊಟ್ರೂ ಹತ್ತತೈತಿ. ಅರಿಬಿ ಹಾಕಿದವ್ರಿಗೆ ಅರಿಬಿ ಹತ್ತಿತು, ವಾಯರ ಜಗ್ಗಿದವಗ ವಾಯರ ಹತ್ತಿತು. ಹಾದ್ಯಾಗ ಕುಂತು ಒಂದು ಬಟ್ಟಲ ಚಹಾ ಕುಡದಿದ್ರ ಚಹಾನೂ ಹತ್ತತಿತ್ತು. ಇದರಾಗ ಕಾಯಿ ಒಡಿಸಿದ ಅತ್ತಿಯಾರ ಎಲ್ಲಾರಕಿಂತ ಪ್ರಾಮಾಣಿಕರು, ಯಾಕಂದ್ರ ಅವ್ರು ಕಾರಣಾ ಸಿಕ್ಕೈತಿ ಅಂತ ಹೇಳಲಿಲ್ಲ.

ಕಾರಣಾ ಸಿಕ್ಕೈತಿ ಅಂದವ್ರು ರೊಕ್ಕ ಹಾಕಿದ್ರು. ಮೊದಲ ಕಂಡೆನ್ಸರ್, ಪಾಯಿಂಟ್. ಆಮ್ಯಾಲ ಕಾಯಿಲ್. ನಾಲ್ಕೂ ಪ್ಲಗ್. ಪೆಟ್ರೋಲ್ ಪಂಪಿನ ಒಳಗಿನ ಪರದೆ. ಕಾರ್ಬೊರೇಟರ್ ಬಿಚ್ಚಿ ತೊಳದು ಹೊಸಾ ಕಿಟ್. ಪ್ರತಿ ಸಲ ಮಿಸ್ತ್ರಿ ಊರಾಗ ಎರಡು ಕಿಲೋಮೀಟರ ಓಡಿಸಿ "ಬೆಣ್ಣಿ ಹಂಗ ಹೊಂಟೈತಿ ನೋಡ್ರಿ" ಅಂತ ಕೀಲಿ ಕೊಟ್ಟಾ. ಬೆಣ್ಣಿ ಹಂಗ ಹೋಗಲಾರದ ಏನ ಮಾಡೀತು, ಎರಡು ಕಿಲೋಮೀಟರಿಗೆ ಅದು ಯಾವತ್ತೂ ನಿಂತೇ ಇದ್ದಿಲ್ಲ! ಗದಗಿಗೆ ಸಂತಿಗೆ ಹೋಗಿ ಬಂದಾಗೂ ನಿಂತಿದ್ದಿಲ್ಲ. ನಿಂದ್ರೂದು ಹುಬ್ಬಳ್ಳಿ ಹಾದ್ಯಾಗ. ಎಲ್ಲಾ ಕೂಡಿ 11,400 ರೂಪಾಯಿ ಆತು, ಅದು ನನ್ನ ಭಿಶಿ ರೊಕ್ಕ. ಫ್ರಿಜ್ ತರಬೇಕಂತ ಕೂಡಿಟ್ಟಿದ್ದೆ.

ಶ್ರಾವಣದಾಗ ಜಿಟಿಜಿಟಿ ಮಳಿ, ಕಪ್ಪತಗುಡ್ಡದ ಕಡಿಯಿಂದ ಥಂಡಿ ಗಾಳಿ. ಆವಾಗೂ ಅಣ್ಣಿಗೇರಿ ಹತ್ರ ಬಂದ್ ಬಿತ್ತು. ಬಿಸಲಿನ ಮಾತು ಅವತ್ತ ಮುಗೀಬೇಕಿತ್ತು. ಮುಗೀಲಿಲ್ಲ, "ಈಗ ಥಂಡಿಗೆ ಆಗತೈತಿ" ಅಂದ್ರು. ಅದ ವಾರ ಗುಜರಿಯಾಂವ ಅಂಗಳಕ್ಕ ಬಂದು ಗಾಡಿ ಸುತ್ತ ಒಂದು ಸುತ್ತು ಹಾಕಿ 28,000 ಅಂದು ಹೋದಾ. ಮಾವಾರು ಪಡಸಾಲಿ ಕಂಬಕ್ಕ ಆತು ಕುಂತಿದ್ರು, ಏನೂ ಅನ್ನಲಿಲ್ಲ. ಆ ಸುಮ್ಮನಿರೂದು ನನಗ ಸೇರಲಿಲ್ಲ.

ಈಗ ಕೇಳ್ರಿ ಹಿಂದಿನ ಸೀಟಿನ ಮಾತು. ಅತ್ತಿಯಾರು ಒಂದು ಸಲ ಅಲ್ಲ, ನಾಲ್ಕು ಸಲ ಅಂದಿದ್ರು: "ಟಾಕಿ ತುಂಬಿಸಿದ ದಿನಾನ ನಿಂದರತೈತಿ ನೋಡವಾ." ನಾಲ್ಕೂ ಸಲ ಮುಂದ ಕುಂತ ಇಬ್ಬರೂ ನಕ್ಕರು. ನಗೂದಲ್ದ ಮತ್ತೇನು, ಎಣ್ಣಿ ಮುಗದ್ರ ಗಾಡಿ ನಿಂದರತೈತಿ, ಎಣ್ಣಿ ತುಂಬಿದ್ರ ನಿಂದರತೈತಿ ಅಂತ ಯಾರರ ಹೇಳತಾರನು? "ನಿಮಗ ಗಾಡಿದೇನ ತಿಳಿತೈತಿ, ಸುಮ್ಮ ಕೂಡ್ರು ಯವ್ವಾ."

ನಾ ನಗಲಿಲ್ಲ. ನಮ್ಮ ಅಡಗಿ ಮನಿ ಗ್ವಾಡಿ ಮ್ಯಾಲ ಒಂದು ಕ್ಯಾಲೆಂಡರ್ ಐತಿ, ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಭಿಶಿ ಕಟ್ಟಿದ ದಿನ, ಗಾಡಿಗೆ ಹಾಕಿಸಿದ ಎಣ್ಣಿ ಎಲ್ಲಾ ಅದರಾಗ. ಐದು ತಿಂಗಳ ಹಾಳಿ ತಿರುವಿದೆ. ಏಳು ಸಲ ಬಂದ್ ಬಿದ್ದಿತ್ತು, ಏಳೂ ಸಲ ಅವತ್ತ ಮುಂಜಾನೆನ ಟಾಕಿ ತುಂಬಿಸಿದ್ರು. ದೂರ ಹೋಗೂದೈತಿ ಅಂತ ತುಂಬಸತಾರ, ಊರಾಗ ಅಡ್ಡಾಡಾಕ ಮುನ್ನೂರು ರೂಪಾಯಿದ್ದು ಹಾಕಸತಾರ. ಅರ್ಧಾ ಟಾಕಿ ಇದ್ದಾಗ ಲಕ್ಷ್ಮೇಶ್ವರಕ್ಕ ಹೋಗಿ ಬಂದಿದ್ವಿ, ನಿಂತಿದ್ದಿಲ್ಲ. ಮುಂಡರಗಿಗೂ ಹೋಗಿದ್ವಿ, ನಿಂತಿದ್ದಿಲ್ಲ. ಇನ್ನೊಂದು ಸಾಲು ಕಣ್ಣಿಗೆ ಬಿತ್ತು. ಯುಗಾದಿ ವಾರದಾಗ ಬರದಿತ್ತು: "ಬೀಗದ ಮುಚ್ಚಳ — 350."

ಯಾರೋ ರಾತ್ರಿ ಎಣ್ಣಿ ಜಗ್ಗತಾರ ಅಂತ ಮೈದುನ ಟಾಕಿಗೆ ಕೀಲಿ ಹಾಕೂ ಹೊಸಾ ಮುಚ್ಚಳಾ ತಂದಿದ್ದ. ಚಂದ ಹೊಳಿತಿತ್ತು. ಬ್ಯಾರೆ ಯಾವ್ದೋ ಗಾಡೀದು, ಒಳಗ ದಪ್ಪನ್ನ ರಬ್ಬರು, ಗಿಚ್ಚಾಗಿ ಕೂಡ್ರತಿತ್ತು.

ಅಕ್ಕಾರ, ಇಲ್ಲಿ ನಿಮಗ ಯಾವ ಇಂಜಿನಿಯರೂ ಬೇಕಾಗಿಲ್ಲ. ಹದಿನೈದು ಕಿಲೋ ಎಣ್ಣಿ ಡಬ್ಬಿ ತಂದು ಒಂದ ತೂತು ಹೊಡದು ಬಗ್ಗಿಸಿದ್ರ ಏನಾಗತೈತಿ? ಗುಳುಕ್ ಗುಳುಕ್ ಅಂತ ಎರಡು ಸಲ ಬಿದ್ದು ನಿಂದರತೈತಿ. ಅದಕ್ಕ ನಾವು ಆ ಕಡೆ ಮೂಲ್ಯಾಗ ಇನ್ನೊಂದು ತೂತು ಹೊಡಿತೇವಿ. ಎಣ್ಣಿ ಹೊರಗ ಬರಬೇಕಾದ್ರ ಅದರ ಜಾಗಾಕ್ಕ ಗಾಳಿ ಒಳಗ ಹೋಗಬೇಕು. ಇದನ್ನ ನಮಗ ಯಾವ ಸಾಲ್ಯಾಗೂ ಕಲಿಸಿಲ್ಲ, ನಮ್ಮವ್ವ ಕಲಿಸ್ಯಾಳ. ಗಾಡಿ ಟಾಕಿನೂ ಒಂದು ಎಣ್ಣಿ ಡಬ್ಬೀನ. ಇಂಜಿನ್ನಿನ ಪಂಪು ಮುಂದಿಂದ ಎಣ್ಣಿ ಎಳಿತಿದ್ರ ಹಿಂದ ಗಾಳಿ ಒಳಗ ಬರಬೇಕು. ಕೆಲವು ಗಾಡಿಗೆ ಅದಕ್ಕಂತ ಟಾಕಿ ಹತ್ರ ಒಂದು ಸಣ್ಣ ನಳಗಿ ಇರತೈತಿ. ನಮ್ಮ ಗಾಡ್ಯಾಗ ಹಳೇ ಮುಚ್ಚಳದಾಗ ಸೂಜಿ ಮೊನಿಯಷ್ಟು ದಾರಿ ಇತ್ತು. ಹೊಸಾ ಮುಚ್ಚಳಕ್ಕ ಇದ್ದಿಲ್ಲ. ಹಿಂಗಾಗಿ ಎಣ್ಣಿ ಖರ್ಚಾದಂಗ ಟಾಕಿಯೊಳಗ ಗಾಳಿ ತೆಳ್ಳಗಾಗಿ, ಟಾಕಿನ ಎಣ್ಣಿ ಹಿಡಕೊಂಡು ಬಿಡತಿತ್ತು. ಪಂಪು ಎಳದೂ ಎಳದೂ ಸೋಲತಿತ್ತು.

ಟಾಕಿ ತುಂಬಿಸಿದ ದಿನಾನ ಯಾಕಂದ್ರ, ತುಂಬಿದ ಟಾಕ್ಯಾಗ ಮ್ಯಾಲ ಗಾಳಿ ಇರೂದ ಎರಡು ಮೂರು ತಂಬಿಗಿ. ಒಂದೂವರಿ ಲೀಟರ ಎಣ್ಣಿ ಖರ್ಚಾದ್ರ ಇದ್ದಷ್ಟ ಗಾಳಿ ಹಿಗ್ಗಿ ಆ ಜಾಗಾನೂ ತುಂಬಬೇಕು, ಭಾಳ ತೆಳ್ಳಗಾಗತೈತಿ. ಅರ್ಧಾ ಟಾಕಿ ಇದ್ರ ಗಾಳಿನೂ ಅರ್ಧಾ ಟಾಕಿ, ಅದರಾಗ ಒಂದೂವರಿ ಲೀಟರು ಲೆಕ್ಕಕ್ಕ ಬರಂಗಿಲ್ಲ. ಬಿಂಕದಕಟ್ಟಿಂದ ಅಣ್ಣಿಗೇರಿ ಹತ್ರ ಹತ್ರ ಇಪ್ಪತ್ತು ಕಿಲೋಮೀಟರ. ನಮ್ಮ ಗಾಡಿಗೆ ಅಷ್ಟಕ್ಕ ಅಷ್ಟ ಎಣ್ಣಿ ಬೇಕು. ಹತ್ತು ನಿಮಿಷ ನಿಂತಾಗ ಸಂದ್ಯಾಗಿಂದ ಸಾವಕಾಶ ಗಾಳಿ ಒಳಗ ಜಾರತೈತಿ, ಪೆಟ್ರೋಲಿನ ಆವಿನೂ ಸ್ವಲ್ಪ ತುಂಬತೈತಿ, ಮತ್ತ ಚಾಲೂ ಆಗತೈತಿ. ಅಷ್ಟೊತ್ತಿಗೆ ಟಾಕ್ಯಾಗ ಜಾಗಾನೂ ಆಗಿರತೈತಿ, ಹಿಂಗಾಗಿ ಹುಬ್ಬಳ್ಳಿ ಮುಟ್ಟತಿದ್ವಿ. ಅತ್ತಿಯಾರ ಮಾತಿಗೂ ಹತ್ತು ನಿಮಿಷಕ್ಕೂ ಅಣ್ಣಿಗೇರಿಗೂ ಒಂದ ಉತ್ತರ.

ಅದರ ಮುಂದಿನ ಸಲ ಬಂದ್ ಬಿದ್ದಾಗ ನಮ್ಮ ಮನಿಯವ್ರು ಬಾನೆಟ್ಟಿಗೆ ಹೋದ್ರು, ನಾ ಕೀಲಿ ಇಸಕೊಂಡು ಟಾಕಿ ಕಡೆ ಹೋದೆ. ಮುಚ್ಚಳಾ ತಿರುವಿದ ಕೂಡಲೆ ಸುಸ್ಸ್ ಅಂತ ಗಾಳಿ ಒಳಗ ಎಳಕೊಂಡಿತು, ಮಾವಾರಿಗೂ ಕೇಳಿಸಿತು. "ಸೆಲ್ಫ್ ಹೊಡೀರಿ" ಅಂದೆ. ಹೊಡದ್ರು. ನಿಂತು ಎರಡು ನಿಮಿಷ ಆಗಿದ್ದಿಲ್ಲ, ಚಾಲೂ ಆತು.

ಇಲ್ಲಿಗೆ ಮುಗೀತು ಅಂದ್ರ ನಾನೂ ಅರಿಬಿ ಹಾಕಿದವರ ಸಾಲಿನ್ಯಾಗ ಸೇರತಿದ್ದೆ. ಒಂದು ಸಲ ಹತ್ತಿದ್ದಕ್ಕ ಬೆಲಿ ಇಲ್ಲ. ಹುಬ್ಬಳ್ಳಿ ಹಳೇ ಸಾಮಾನಿನ ಅಂಗಡ್ಯಾಗ 150 ರೂಪಾಯಿಗೆ ಗಾಳಿ ತೂತಿನ ಮುಚ್ಚಳಾ ಸಿಕ್ತು, ಹಾಕಿದ್ವಿ. ತಿಂಗಳೊಪ್ಪತ್ತು ಟಾಕಿ ತುಂಬಿಸಿ ತುಂಬಿಸಿ ಓಡಿಸಿದ್ವಿ, ಒಂದು ಸಲಾನೂ ನಿಂದರಲಿಲ್ಲ. ಆಮ್ಯಾಲ ನಾನ ಹಟಾ ಮಾಡಿ ಮತ್ತ ಬೀಗದ ಮುಚ್ಚಳಾ ಹಾಕಿಸಿ, ಟಾಕಿ ತುಂಬಿಸಿ, ಹಾಡಹಗಲ, ಹಿರ್ಯಾರನ್ನ ಮನ್ಯಾಗ ಬಿಟ್ಟು ಅದ ಹಾದಿ ಹಿಡಿಸಿದೆ. ಅಣ್ಣಿಗೇರಿ ಕಮಾನು ಕಾಣೂದ್ರಾಗ ಬಂದ್ ಬಿತ್ತು. ಜಡ್ಡು ಹೋತು ಅನ್ನೂದು ಸಾಬೀತಲ್ಲ, ಬೇಕಂದಾಗ ಜಡ್ಡು ಮತ್ತ ತರಾಕ ಬಂದ್ರ ಅದು ಸಾಬೀತು. ಕಾಯಿಲ್ ಬದಲಿ ಮಾಡಿದವ್ರು ಹಳೇ ಕಾಯಿಲ್ ಮತ್ತ ಕೂಡಿಸಿ ನೋಡಿದ್ರನು? ನೋಡಿದ್ರ ಅದು ಛಲೋನ ಐತಿ ಅಂತ ಅವತ್ತ ಗೊತ್ತಾಗತಿತ್ತು, ನನ್ನ ರೊಕ್ಕ ಉಳಿತಿತ್ತು.

ಈಗ ಮಿಸ್ತ್ರಿ ಬಗ್ಗೆ ಒಂದು ಮಾತು. ಅವಾ ಕಳ್ಳ ಅಲ್ಲ. ಹಾಕಿದ್ದೇನಿ ಅಂದಿದ್ದನ್ನ ಹಾಕ್ಯಾನ, ಕೂಲಿನೂ ಸಣ್ಣದ ತಗೊಂಡಾನ. ತಪ್ಪಿರೂದು ನಾವು ರೊಕ್ಕ ಕೊಡೂ ರೀತ್ಯಾಗ. ಅವಾ ಅರ್ಧಾ ತಾಸು ಕುಂತು "ಯಾವಾಗ ಆಗತೈತಿ, ಯಾರ ಯಾರ ಇರತಾರ, ಎಷ್ಟ ಎಣ್ಣಿ ಇರತೈತಿ" ಅಂತ ಕೇಳಿ, ಇಪ್ಪತ್ತು ಕಿಲೋಮೀಟರ ಸಂಗಟ ಬಂದು ನೋಡಿ, "ಏನೂ ಬದಲಿ ಮಾಡೂದು ಬ್ಯಾಡ" ಅಂದಿದ್ರ ನಾವು ಎಷ್ಟ ಕೊಡತಿದ್ವಿ? ಚಹಾ ಕುಡಿಸಿ ಕಳಸತಿದ್ವಿ. ಸಾಮಾನ ಹಾಕಿದ್ರ ಮಾತ್ರ ರೊಕ್ಕ ಅಂದಮ್ಯಾಲ ಅವಾ ಸಾಮಾನ ಹಾಕತಾನ. ಗುಳಿಗಿ ಬರಕೊಡಲಾರದ ಡಾಕ್ಟರಗ ಫೀ ಕೊಡೂವಾಗ ಮಾರಿ ಸಣ್ಣದು ಮಾಡತೇವಲ್ಲ, ಅದ ಬುದ್ಧಿ. ನೋಡಿದ್ದಕ್ಕ ರೊಕ್ಕ ಕೊಡ್ರಿ. ಐದುನೂರು ಕೊಡ್ರಿ. ನಿಮ್ಮ ಮನ್ಯಾಗ "ಬರೇ ನೋಡಿದ್ದಕ್ಕ ಐದುನೂರಾ" ಅಂತ ಯಾರರ ಅಂದ್ರ ನನ್ನ 11,400 ತೋರಸ್ರಿ.

"ಹೆಣ್ಣಮಕ್ಕಳಿಗೆ ಗಾಡಿದೇನ ತಿಳಿತೈತಿ" ಅನ್ನೂವ್ರಿಗೆ ಇನ್ನೊಂದು ತೋರಸ್ರಿ. ಜಗತ್ತಿನ್ಯಾಗ ಮೋಟಾರ ಗಾಡೀಲೆ ದೂರದ ಪಯಣಾ ಮೊದಲ ಮಾಡಿದಾಕಿ ಒಬ್ಬ ಹೆಣ್ಣಮಗಳು. ಬರ್ತಾ ಬೆಂಜ್. 1888ರ ಆಗಸ್ಟದಾಗ, ಗಂಡ ಕಾರ್ಲ್ ಬೆಂಜಗ ಹೇಳಲಾರದ, ಇಬ್ಬರು ಗಂಡಸ ಮಕ್ಕಳನ್ನ ಕರಕೊಂಡು ಜರ್ಮನಿಯ ಮಾನ್‌ಹೈಮದಿಂದ ತವರಿಗೆ, ಪ್ಫೋರ್ಜ್‌ಹೈಮಕ್ಕ, ನೂರು ಕಿಲೋಮೀಟರ ಮ್ಯಾಲ ಹೋದಳು. ಹಾದ್ಯಾಗ ಎಣ್ಣಿ ನಳಗಿ ಕಟ್ಟಿ ಗಾಡಿ ನಿಂತಿತು. ಟೋಪಿಗೆ ಚುಚ್ಚಿದ ಪಿನ್ನು ತಗದು ನಳಗಿ ಬಿಡಿಸಿದಳು. ವಾಯರಿನ ಮೈ ಸವದಿತ್ತು, ಕಾಲಚೀಲದ ಪಟ್ಟಿ ಸುತ್ತಿದಳು. ಎಣ್ಣಿ ತೀರಿದಾಗ ವೀಸ್‌ಲೋಖ ಅನ್ನೂ ಊರಿನ ಔಷಧ ಅಂಗಡ್ಯಾಗ ಕೊಂಡಳು. ಬ್ರೇಕು ಸವದಾಗ ಚಮ್ಮಾರನ ಕಡಿಂದ ತೊಗಲು ಹಚ್ಚಿಸಿದಳು. ಪಂಪ್ ಸ್ಟೋವಿಗೆ ಪಿನ್ನು ಹಾಕಿದ ನಮ್ಮ ಕಾಕು, ಚಿಗವ್ವಂದ್ರು ಇದರಾಗ ಮಾಡಲಾರದ್ದು ಏನೈತಿ ಹೇಳ್ರಿ! ಚಿಮಣಿ ಎಣ್ಣಿ ಸ್ಟೋವು ಭಕ್ ಭಕ್ ಅಂದ್ರ ಕಸ ಬಂದೈತಿ, ಸಣ್ಣಗಾಗಿ ಆರಿದ್ರ ಗಾಳಿ ಇಳದೈತಿ ಅಂತ ಸಪ್ಪಳಾ ಕೇಳೇ ಹೇಳತಿದ್ರು.

ಆ ಕಿವಿನ ಗಾಡಿಗೂ ಬೇಕು. ಗಾಡಿ ನಿಂದ್ರೂದು ಒಂದ ನಮೂನಿ ಅಲ್ಲ. ಎಣ್ಣಿ ಸಾಲದ ನಿಂತ್ರ ಮೊದಲ ಜಗ್ಗಾಡತೈತಿ, ಕೆಮ್ಮತೈತಿ, ಏರಿನ್ಯಾಗ ಸೋಲತೈತಿ, ಆಮ್ಯಾಲ ನಿಂದರತೈತಿ. ಕಿಡಿ ಹೋಗಿ ನಿಂತ್ರ ಬಟನ್ ಒತ್ತಿದಂಗ ಠಪ್ ಅಂತ ನಿಂದರತೈತಿ. ಇದೊಂದ ಗೊತ್ತಾದ್ರ ಅರ್ಧಾ ಸಾಮಾನು ಬದಲಿ ಮಾಡೂದು ತಪ್ಪತೈತಿ. ನಮ್ಮದು ಜಗ್ಗಾಡಿ, ಕೆಮ್ಮಿ ನಿಂತದ್ದು. ಹಿಂದ ಕುಂತವರ ಬೆನ್ನಿಗೆ ಅದು ಗೊತ್ತಾಗಿತ್ತು. ಕಾಯಿಲ್, ಕಂಡೆನ್ಸರ್, ಪಾಯಿಂಟ್, ಪ್ಲಗ್ ಎಲ್ಲಾ ಕಿಡಿ ಕಡೇವು, ಅವನ್ನ ಮುಟ್ಟೂ ಕೆಲಸಾನ ಇದ್ದಿಲ್ಲ. ಠಪ್ ಅಂತ ನಿಂತು, ಇಂಜಿನ್ ಆರೂತನ ಚಾಲೂ ಆಗಲಾರದ, ಆರಿದಮ್ಯಾಲ ಚಾಲೂ ಆದ್ರ ಆವಾಗ ಕಾಯಿಲ್, ಕಂಡೆನ್ಸರಿನ ಕಡೆ ನೋಡ್ರಿ. ಕುಣ್ಯಾಗ ಧಡಕ್ ಅಂದಾಗ ನಿಂತ್ರ ಎಲ್ಲೋ ವಾಯರ ಸಡ್ಲಾಗೈತಿ, ಬ್ಯಾಟರಿ ಗುಬ್ಬಿ ಅಳ್ಳಾಡತೈತಿ. ರೈಲ್ವೆ ಗೇಟಿನ್ಯಾಗ ಕಾಯೂವಾಗ ಮಾತ್ರ ನಿಂತು, ಓಡೂವಾಗ ನಿಂದರಲಿಲ್ಲ ಅಂದ್ರ ಕಾರ್ಬೊರೇಟರಿನ ಸಣ್ಣ ಜೆಟ್ಟಿನ್ಯಾಗ ಕಸ, ಇಲ್ಲಾ ಅದರ ಬುಡದಾಗ ಗಾಳಿ ಸೋರಿಕಿ. ಮುಚ್ಚಳಾ ತಗದಾಗ ಸುಸ್ ಅನ್ನಲಿಲ್ಲ, ಆದ್ರೂ ಎಣ್ಣಿ ಸಾಲದ ನಿಂದರತೈತಿ ಅಂದ್ರ ಟಾಕ್ಯಾಗಿನ ತುಕ್ಕು ನಳಗಿ ಬಾಯಿಗೆ ಬಂದು ಕೂಡ್ರತಿರಬಹುದು. ನಿಂತಾಗ ಅದು ಕೆಳಗ ಬೀಳತೈತಿ, ಹಿಂಗಾಗಿ ಅದಕ್ಕೂ ಹತ್ತು ನಿಮಿಷದ ಔಷಧಾನ ಹತ್ತತೈತಿ. ಒಂದು ಎಚ್ಚರ: ಟಾಕಿ ಮುಚ್ಚಳಾ ತಗಿಯೂವಾಗ ಬಗಲಾಗ ಬೀಡಿ, ಸಿಗರೇಟು ಸೇದೂ ಗಂಡಸ್ರನ್ನ ದೂರ ಕಳಸ್ರಿ. ಮುಚ್ಚಳದ ಬದಲಿ ಅರಿಬಿ ತುರುಕಿ ಮಾತ್ರ ಓಡಸಬ್ಯಾಡ್ರಿ.

ಈಗ ಹೊಸಾ ಮಾತು ಒಂದು ಸುರು ಆಗೈತಿ. ಹಳೇ ಗಾಡಿ ನಿಂತ್ರ ಸಾಕು, "ಇಥೆನಾಲ್ ಹಾಕ್ಯಾರಲ್ರಿ ಎಣ್ಣ್ಯಾಗ" ಅಂತಾರ. ನೂರರಾಗ ಇಪ್ಪತ್ತು ಪಾಲು ಇಥೆನಾಲ್ ಕೂಡಿಸೂ ಗುರಿನ ಸರಕಾರ 2030ರಿಂದ 2025ಕ್ಕ ಹಿಂದ ತಂದಿತ್ತು, ಈಗ ಬಂಕಿನ್ಯಾಗ ಸಿಗೂದು ಅದ ಇ20. ಹಳೇ ಗಾಡಿ ರಬ್ಬರು ಆ ಕಾಲದ ಎಣ್ಣಿಗೆ ಮಾಡಿದ್ದು, ಇಥೆನಾಲಿಗೆ ಉಬ್ಬತೈತಿ, ಬಿರಿತೈತಿ. ಇಥೆನಾಲ್ ನೀರು ಹೀರತೈತಿ, ಟಾಕ್ಯಾಗಿನ ಹಳೇ ಜಿಡ್ಡು-ಕಸ ಕಿತ್ತು ಮುಂದ ತರತೈತಿ. ಕೆಲವು ಹಳೇ ಗಾಡ್ಯಾಗ ರಬ್ಬರ ಸಾಮಾನು ಬದಲಿ ಮಾಡಬೇಕಾಗಬಹುದು ಅಂತ ಪೆಟ್ರೋಲಿಯಂ ಖಾತೆಯವ್ರೂ ಒಪ್ಪ್ಯಾರ. ಹಿಂಗಾಗಿ ಆ ಭಯ ಸುಳ್ಳಲ್ಲ. ನಾವೂ ಎಣ್ಣಿ ಪೈಪ ಎಲ್ಲಾ ಬದಲಿ ಮಾಡಿಸೇವಿ, ತಿಂಗಳಾನುಗಟ್ಟಲೆ ನಿಂದ್ರೂ ಗಾಡ್ಯಾಗ ಎಣ್ಣಿ ಕೊಳ್ಯಾಕ ಬಿಡಂಗಿಲ್ಲ. ಆದ್ರ "ಇಥೆನಾಲ್" ಅನ್ನೂದು ಹೋದ ವರ್ಷದ "ಬಿಸಲು" ಆಗಬಾರದು. ಯಾವ ದಿನ, ಎಷ್ಟ ದೂರ, ಹೆಂಗ ನಿಂತಿತು ಅಂತ ಕೇಳಿದ್ರ "ಅದೇನ ಕೇಳತೀರಿ, ಇಥೆನಾಲ್ ಅಂದ್ನಲ್ಲ" ಅನ್ನೂವ್ರು ಬಿಸಲಿನವರ ಅಣ್ಣತಮ್ಮಂದ್ರ.

"ನಿನಗ ಒಂದು ಮುಚ್ಚಳಾ ಸಿಕ್ಕಿದ್ದಕ್ಕ ಇಷ್ಟ ಜಂಬಾನ?" ಅಂತ ನಮ್ಮ ನಾದಿನಿ ಮೊನ್ನೆ ಫೋನಿನ್ಯಾಗ ಅಂದಳು. ಮುಚ್ಚಳದ ಮಾತಲ್ಲ ಇದು. ಐದು ತಿಂಗಳು ಆ ಉತ್ತರಾ ಹಿಂದಿನ ಸೀಟಿನ್ಯಾಗ ಕುಂತಿತ್ತು, ನಾಲ್ಕು ಸಲ ಬಾಯಿ ತಗದಿತ್ತು. ಕೇಳಿದ್ದರ ಮೊದಲನ ತಿಂಗಳಾಗ 150 ರೂಪಾಯಿಗೆ ಮುಗಿತಿತ್ತು. ಕಣ್ಣು ಸರಿ ಕಾಣಲಾರದ ಮುದುಕಿ ಕಂಡದ್ದನ್ನ ಕಣ್ಣಿದ್ದವ್ರು ಇಬ್ಬರು ಕಾಣಲಿಲ್ಲ, ಯಾಕಂದ್ರ ಅವ್ರು ನೋಡೂದು ಬಾನೆಟ್ ಎತ್ತಿದಮ್ಯಾಲ. ಅತ್ತಿಯಾರು ಮುಂಜಾನೆ ಬಂಕಿನ್ಯಾಗಿಂದನ ನೋಡಾಕ ಹತ್ತಿದ್ರು.

ಓಣಿ ತುದಿ ಮನಿ ಅಕ್ಕಾರ ಅಂಬಾಸಿಡರ್ ಮಳಿ ಬಂದಾಗ ಬಂದ್ ಬೀಳತೈತಂತ, ಅವರ ಮಗ ಕಾರ್ಬೊರೇಟರ್ ಬಿಚ್ಚಸಾಕ ಹೊಂಟಾನಂತ. ಅಕ್ಕಾರ, ಅವಗ ಎಂಟ ದಿನ ತಡಿ ಅನ್ರಿ. ಮಳ್ಯಾಗ ನಿಂದರತೈತಿ ಅಂದ್ರ ಮೊದಲ ಡೆಲ್ಕೋ ಮುಚ್ಚಳದ ಒಳಗ ಪಸಿ ಐತ್ಯಾ ನೋಡ್ರಿ, ಒಣಾ ಅರಿಬೀಲೆ ಒರಸ್ರಿ, ಪ್ಲಗ್ಗಿನ ವಾಯರ ಬಿರದಾವ ಏನು ನೋಡ್ರಿ. ಕತ್ತಲ್ಯಾಗ ಬಾನೆಟ್ ಎತ್ತಿ ಇಂಜಿನ್ ಚಾಲೂ ಇಟ್ರ ಸೋರೂ ಕಿಡಿ ನೀಲಿ ಬಣ್ಣದಾಗ ಕಣ್ಣಿಗೆ ಕಾಣತೈತಿ, ಕೈ ಮಾತ್ರ ಹಚ್ಚಬ್ಯಾಡ್ರಿ. ಅಲ್ಲೀತನ ಕ್ಯಾಲೆಂಡರಿನ್ಯಾಗ ಬರದಿಡ್ರಿ: ಯಾವ ದಿನ, ಎಷ್ಟ ದೂರ, ಟಾಕ್ಯಾಗ ಎಷ್ಟ ಎಣ್ಣಿ, ಜಗ್ಗಾಡಿ ನಿಂತಿತೋ ಠಪ್ ಅಂತ ನಿಂತಿತೋ. ಬುಧವಾರ ಮಧ್ಯಾಹ್ನ ನಾ ಮನ್ಯಾಗ ಇರತೇನಿ, ಕ್ಯಾಲೆಂಡರ್ ತಗೊಂಡ ಬರ್ರಿ. ಬರೂವಾಗ ಹಿಂದಿನ ಸೀಟಿನ್ಯಾಗ ಕೂಡ್ರೂ ನಿಮ್ಮ ಸೊಸಿನ್ನೂ ಕರಕೊಂಡ ಬರ್ರಿ.